ಮಕ್ಕಳು ಕರಾಳ ಲೋಕದ ಕಥೆಗಳನ್ನೇ ಯಾಕೆ ಹುಡುಕಿಕೊಂಡು ಓದುತ್ತಾರೆ?

ಬೇಸಿಗೆ ರಜೆ ಮುಗಿದ ಮೇಲೆ ಬಂದ ಪತ್ರಗಳಲ್ಲಿ ಹಲವು ಒಂದೇ ಬಗೆಯ ಪುಸ್ತಕಗಳ ಸುತ್ತ ಇವೆ. ಹದಿಹರೆಯದವರಿಗೆಂದೇ ಇಂಗ್ಲಿಷಿನಲ್ಲಿ ಬರೆದ, ಕ್ರೂರ ವ್ಯವಸ್ಥೆಯೊಂದರ ಕೈಗೆ ಸಿಕ್ಕ ಹುಡುಗ ಹುಡುಗಿಯರ ರೋಚಕ ಕಾದಂಬರಿಗಳು ಅವು. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅವಕ್ಕೇ ಮೀಸಲು. ಶಿರಸಿಯಲ್ಲಿ ನಾನು ನೋಡಿಕೊಳ್ಳುವ ಮಕ್ಕಳ ಗ್ರಂಥಾಲಯದಲ್ಲಿ ಕಪಾಟಿನಲ್ಲಿ ನಿಲ್ಲದ ಪುಸ್ತಕಗಳೆಂದರೆ ಇವೇ. ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ದಾಟುತ್ತವೆ, ರಟ್ಟು ಕಿತ್ತು ಬರುತ್ತವೆ, ಬೈಂಡಿಂಗ್ ಮಾಡಿಸಿದ ವಾರವೇ ಮತ್ತೆ ಹೊರಡುತ್ತವೆ.

ಒಂಬತ್ತನೇ ತರಗತಿಯ ಮಗಳು ಇಡೀ ರಜೆ 'ದಿ ಹಂಗರ್ ಗೇಮ್ಸ್' ಹಿಡಿದು ಕೂತಿದ್ದಳು. ಮಕ್ಕಳು ಮಕ್ಕಳನ್ನೇ ಕೊಲ್ಲುವ ಕಥೆಯಂತೆ! ಇವಳು ತುಂಬ ಮೃದು ಸ್ವಭಾವದವಳು, ಬೀದಿನಾಯಿ ಕುಂಟಿದರೂ ಅಳುತ್ತಾಳೆ. ಅಂಥವಳಿಗೆ ಇದು ಹೇಗೆ ಹಿಡಿಸಿತು? ಓದುವುದನ್ನು ಬಿಡಿಸಬೇಕೇ?
ಒಬ್ಬ ತಾಯಿ, ದಾವಣಗೆರೆ

ಬಿಡಿಸಬೇಡಿ. ಆದರೆ ನಿಮ್ಮ ಮೊದಲ ಪ್ರಶ್ನೆ ಇದೆಯಲ್ಲ, ಮೃದು ಮನಸ್ಸಿನವಳಿಗೆ ಇದು ಹೇಗೆ ಹಿಡಿಸಿತು ಅನ್ನುವುದು, ಅದಕ್ಕೆ ನಿಧಾನವಾಗಿ ಉತ್ತರಿಸಬೇಕು.

ಕಥೆ ಹೀಗಿದೆ. ಅಮೆರಿಕ ನಾಶವಾದ ಮೇಲೆ ಅದೇ ನೆಲದಲ್ಲಿ ಪ್ಯಾನೆಮ್ ಎಂಬ ದೇಶ ಎದ್ದಿದೆ. ನಡುವೆ ಸಿರಿವಂತ ರಾಜಧಾನಿ, ಸುತ್ತ ಅದಕ್ಕೆ ದುಡಿದು ಹಾಕುವ 12 ಜಿಲ್ಲೆಗಳು. ಹಿಂದೊಮ್ಮೆ ದಂಗೆ ಎದ್ದದ್ದಕ್ಕೆ ಶಿಕ್ಷೆಯಾಗಿ ಪ್ರತಿ ಜಿಲ್ಲೆಯೂ ವರ್ಷಕ್ಕೊಮ್ಮೆ 12ರಿಂದ 18ರೊಳಗಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಕಳಿಸಬೇಕು. ಆ 24 ಮಕ್ಕಳಲ್ಲಿ ಒಬ್ಬರೇ ಉಳಿಯುವ ತನಕ ಕಾಳಗ. ಅದನ್ನು ದೇಶವೆಲ್ಲ ಟೀವಿಯಲ್ಲಿ ಕಡ್ಡಾಯವಾಗಿ ನೋಡಬೇಕು. ಸುಜಾನ್ ಕಾಲಿನ್ಸ್ ಇದನ್ನು ಪ್ರಕಟಿಸಿದ್ದು 2008ರಲ್ಲಿ. ರಾತ್ರಿ ಟೀವಿ ಚಾನೆಲ್ ಬದಲಿಸುತ್ತಿದ್ದಾಗ ಒಂದರಲ್ಲಿ ರಿಯಾಲಿಟಿ ಶೋ ಸ್ಪರ್ಧೆ, ಇನ್ನೊಂದರಲ್ಲಿ ಇರಾಕ್ ಯುದ್ಧದ ದೃಶ್ಯ, ಎರಡೂ ತಲೆಯೊಳಗೆ ಬೆರೆತು ಕಥೆ ಹುಟ್ಟಿತೆಂದು ಆಕೆಯೇ ಹೇಳಿದ್ದಾರೆ. ಆಕೆಯ ತಂದೆ ವಾಯುಪಡೆಯಲ್ಲಿದ್ದವರು, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ಯುದ್ಧ ಆ ಮನೆಗೆ ದೂರದ ಸುದ್ದಿಯಾಗಿರಲಿಲ್ಲ.

ಈಗ ನನ್ನ ಅನುಭವ ಕೇಳಿ. ನಮ್ಮಲ್ಲಿಗೆ ಬರುವ ಹುಡುಗಿಯರು ಈ ಪುಸ್ತಕದ ಬಗ್ಗೆ ಮಾತು ಶುರು ಮಾಡಿದರೆ ಮೊದಲು ಎತ್ತುವುದು ಕೊಲೆಯನ್ನಲ್ಲ, ಚೀಟಿಯನ್ನು. 12 ತುಂಬಿದ ವರ್ಷ ಮಗುವಿನ ಹೆಸರಿನ ಒಂದು ಚೀಟಿ ಗಾಜಿನ ಪಾತ್ರೆಗೆ ಬೀಳುತ್ತದೆ. 13ಕ್ಕೆ ಎರಡು, 14ಕ್ಕೆ ಮೂರು, ಹೀಗೆ 18ಕ್ಕೆ ಏಳು. ಇಲ್ಲಿಯ ತನಕ ಎಲ್ಲರಿಗೂ ಒಂದೇ ಲೆಕ್ಕ. ಆದರೆ ಮನೆಯಲ್ಲಿ ಹಸಿವಿದ್ದರೆ ಒಬ್ಬರಿಗೆ ವರ್ಷಕ್ಕಾಗುವಷ್ಟು ಒಂದಿಷ್ಟು ಧಾನ್ಯ, ಎಣ್ಣೆ ಸಿಗುತ್ತದೆ. ಬದಲಿಗೆ ಮಗುವಿನ ಹೆಸರಿನ ಇನ್ನೊಂದು ಚೀಟಿ ಪಾತ್ರೆಗೆ ಹೋಗುತ್ತದೆ. ಹಾಕಿದ ಚೀಟಿ ಮರುವರ್ಷವೂ ಅಲ್ಲೇ ಇರುತ್ತದೆ. ಕಥಾನಾಯಕಿ ಕ್ಯಾಟ್ನಿಸ್‌ಗೆ 16. ತನಗೆ, ಅಮ್ಮನಿಗೆ, ತಂಗಿ ಪ್ರಿಮ್‌ಗೆ ಎಂದು ವರ್ಷಕ್ಕೆ ಮೂರರಂತೆ ಐದು ವರ್ಷ ಧಾನ್ಯ ತಂದಿದ್ದಾಳೆ. ಹದಿನೈದು, ಅದಕ್ಕೆ ವಯಸ್ಸಿನ ಐದು ಸೇರಿ ಪಾತ್ರೆಯಲ್ಲಿ ಅವಳ ಹೆಸರು 20 ಸಲ ಇದೆ. ಅವಳ ಗೆಳೆಯ ಗೇಲ್‌ನದು 42. ಪ್ರಿಮ್‌ದು ಒಂದೇ ಒಂದು. ಎತ್ತಿದಾಗ ಬರುವುದು ಆ ಒಂದು ಚೀಟಿ. ತಂಗಿಯ ಬದಲು ಅಕ್ಕ ಹೊರಡುತ್ತಾಳೆ.

ಈ ಲೆಕ್ಕವನ್ನು ಮಕ್ಕಳು ಬೆರಳು ಮಡಚಿ ಎಣಿಸುತ್ತಾರೆ. "ಹಾಗಾದ್ರೆ ಬಡವರ ಮನೆಯವರ ಚೀಟಿನೇ ಜಾಸ್ತಿ ಇರ್ತದಲ್ಲ ಅಕ್ಕಾ?" ಎಂದು ಒಬ್ಬಳು ಕೇಳಿದಳು. ಪಕ್ಕದಲ್ಲಿದ್ದವಳು ಒಂದು ಹೆಜ್ಜೆ ಮುಂದೆ ಹೋದಳು: "ಈ ನಿಯಮ ಮಾಡಿದ್ದು ಯಾರು?"

ಸೆಳೆತ ಇರುವುದು ಅಲ್ಲಿ, ತಾಯಿ. ಹದಿನಾಲ್ಕರ ಹುಡುಗಿಯ ಇಡೀ ದಿನ ನಿಯಮಗಳ ನಡುವೆ ಕಳೆಯುತ್ತದೆ. ರ‍್ಯಾಂಕ್ ಪಟ್ಟಿ, ಯಾವ ಬೆಂಚು, ಎಷ್ಟು ಹೊತ್ತಿಗೆ ಮನೆ ಸೇರಬೇಕು, ಅಣ್ಣನಿಗೆ ಬಿಡುವ ಸೈಕಲ್ ತಿರುಗಾಟ ತನಗೇಕಿಲ್ಲ. ಯಾಕೆ ಎಂದು ಕೇಳಿದರೆ ನಾವೆಲ್ಲ ಕೊಡುವ ಉತ್ತರ ಒಂದೇ: "ದೊಡ್ಡವಳಾದ ಮೇಲೆ ಗೊತ್ತಾಗ್ತದೆ." ಈ ಕಾದಂಬರಿಗಳು ಆ ಉತ್ತರ ಕೊಡುವುದಿಲ್ಲ. ನಿಯಮವನ್ನು ಅದರ ಲೆಕ್ಕದ ಸಮೇತ ಮೊದಲ ಪುಟಗಳಲ್ಲೇ ಬಿಚ್ಚಿ ಮುಂದಿಡುತ್ತವೆ. ಅದರಿಂದ ಯಾರಿಗೆ ಲಾಭ, ಯಾರ ತಲೆಗೆ ಕುತ್ತು ಎಂದು ಓದುವ ಹುಡುಗಿ ತಾನೇ ಕಂಡುಕೊಳ್ಳುತ್ತಾಳೆ. ಕಂಡುಕೊಂಡ ಮೇಲೆ ಪುಸ್ತಕ ಕೆಳಗಿಡಲು ಮನಸ್ಸು ಬರುವುದಿಲ್ಲ. ನಿಮ್ಮ ಮಗಳು ಮೃದು ಸ್ವಭಾವದವಳಾಗಿರುವುದರಿಂದಲೇ ಇದು ಅವಳನ್ನು ಹಿಡಿದಿದೆ ಎಂದು ನನ್ನ ನಂಬಿಕೆ. ಅನ್ಯಾಯ ಅಂಥವರಿಗೆ ಬೇಗ ಚುಚ್ಚುತ್ತದೆ.

ಹಿಂಸೆ ಇದೆ, ಇಲ್ಲ ಎನ್ನಲಾರೆ. ಆದರೆ ಆ ಕಣದಲ್ಲಿ ರೂ ಎಂಬ 12 ವರ್ಷದ ಹುಡುಗಿ ಸತ್ತಾಗ ಕ್ಯಾಟ್ನಿಸ್ ಓಡಿಹೋಗುವುದಿಲ್ಲ. ಸುತ್ತಲಿನ ಕಾಡುಹೂ ಕಿತ್ತು ತಂದು ಅವಳ ಮೈಮೇಲೆ ಹೊದಿಸುತ್ತಾಳೆ. ಕ್ಯಾಮೆರಾ ಮುಂದೆ ಮಕ್ಕಳನ್ನು ಆಟದ ಕಾಯಿಗಳಾಗಿ ನೋಡುತ್ತಿದ್ದ ದೇಶಕ್ಕೆ ಇದು ಸತ್ತ ಮಗು ಎಂದು ತೋರಿಸುತ್ತಾಳೆ. ಆಮೇಲೆ ರೂ ಜಿಲ್ಲೆಯ ಜನ ತಮ್ಮ ಬಡತನದಲ್ಲೂ ಕ್ಯಾಟ್ನಿಸ್‌ಗೆ ಒಂದು ರೊಟ್ಟಿ ಕಳಿಸುತ್ತಾರೆ. ನಮ್ಮ ಪ್ರತಿಯಲ್ಲಿ ಅತಿ ಹೆಚ್ಚು ಮಾಸಿದ ಪುಟಗಳು ಅವೇ. ಮಗಳು ಯಾವ ಪುಟಕ್ಕೆ ಹಿಂತಿರುಗುತ್ತಾಳೆ ಎಂದು ಒಮ್ಮೆ ಕೇಳಿ ನೋಡಿ.

ನಿಮ್ಮ ಆತಂಕ ನಿಮ್ಮೊಬ್ಬರದ್ದಲ್ಲ. ಅಮೆರಿಕದಲ್ಲೇ ಗ್ರಂಥಾಲಯಗಳಿಂದ ತೆಗೆಯಿರಿ ಎಂದು ಹೆಚ್ಚು ಆಕ್ಷೇಪ ಬಂದ ಪುಸ್ತಕಗಳ ಪಟ್ಟಿಯಲ್ಲಿ ಇದು 2010 ಮತ್ತು 2011ರಲ್ಲಿ ಇತ್ತು. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಸರಣಿಯ ಮೂರನೆಯದು, 2010ರ 'ಮಾಕಿಂಗ್‌ಜೇ', ನೇರ ಯುದ್ಧದ ಕಾದಂಬರಿ. ಅದರಲ್ಲಿ ಗೆದ್ದವರ ಮನಸ್ಸೂ ಮುರಿದಿದೆ. ಅದನ್ನು ಅವಳೊಬ್ಬಳೇ ಓದುವುದು ಬೇಡ, ನೀವೂ ಜತೆಗೆ ಓದಿ. ರಾತ್ರಿ ನಿದ್ದೆ ಕೆಡುತ್ತಿದ್ದರೆ ಪುಸ್ತಕ ಕಿತ್ತುಕೊಳ್ಳುವ ಬದಲು ಪಕ್ಕದಲ್ಲಿ ಕೂತು ಮಾತಾಡಿಸಿ.

ನಾನು ಪಿಯು ಓದುತ್ತಿದ್ದೇನೆ. 'ದಿ ಮೇಜ್ ರನ್ನರ್', 'ಡೈವರ್ಜೆಂಟ್' ರಾತ್ರಿ ಎರಡಾದರೂ ಕೆಳಗಿಡಲು ಆಗುವುದಿಲ್ಲ. ನಮ್ಮ ಉಪನ್ಯಾಸಕರು ಇದು ಸಾಹಿತ್ಯವೇ ಅಲ್ಲ, ಟೈಂಪಾಸ್ ಎನ್ನುತ್ತಾರೆ. ನಿಜವೇ?
ಒಬ್ಬ ವಿದ್ಯಾರ್ಥಿ, ಹಾಸನ

ಕೆಳಗಿಡಲಾಗದ ಹಾಗೆ ಬರೆಯುವುದು ಒಂದು ವಿದ್ಯೆ. ಮೊದಲು ಅದನ್ನು ಗೌರವಿಸೋಣ.

'ದಿ ಹಂಗರ್ ಗೇಮ್ಸ್' ಪೂರ್ತಿ 'ನಾನು' ಎಂದು, ಅದೂ ವರ್ತಮಾನದಲ್ಲಿ ನಡೆಯುತ್ತದೆ. 'ಓಡಿದೆ' ಎಂದು ಬರೆದರೆ ಹೇಳುವವಳು ಬದುಕಿ ಬಂದಿದ್ದಾಳೆ ಎಂದು ಓದುಗನಿಗೆ ಒಳಗೊಳಗೇ ಧೈರ್ಯ. 'ಓಡುತ್ತಿದ್ದೇನೆ' ಎಂದರೆ ಆ ಧೈರ್ಯ ಹೋಯಿತು. ಪುಸ್ತಕದಲ್ಲಿ 27 ಅಧ್ಯಾಯ, ಒಂಬತ್ತೊಂಬತ್ತರ ಮೂರು ಭಾಗ. ಕಾಲಿನ್ಸ್ ಇದಕ್ಕೂ ಮೊದಲು ಮಕ್ಕಳ ಟೀವಿ ಕಾರ್ಯಕ್ರಮಗಳಿಗೆ ಬರೆಯುತ್ತಿದ್ದವರು, ಎಲ್ಲಿ ಕತ್ತರಿಸಬೇಕು ಎಂಬುದು ಅವರಿಗೆ ಕರಗತ. ಮೊದಲ ಅಧ್ಯಾಯ ಮುಗಿಯುವುದು ಪ್ರಿಮ್ ಹೆಸರು ಕೂಗಿದಲ್ಲಿಗೆ. ಅಲ್ಲಿ ದೀಪ ಆರಿಸಿ ಮಲಗುವವರು ಯಾರು?

2009ರ 'ದಿ ಮೇಜ್ ರನ್ನರ್'ನಲ್ಲಿ ಜೇಮ್ಸ್ ಡ್ಯಾಶ್ನರ್ ಬೇರೆ ದಾರಿ ಹಿಡಿದಿದ್ದಾರೆ. ಥಾಮಸ್ ಒಂದು ಕತ್ತಲೆಯ ಲಿಫ್ಟಿನಲ್ಲಿ ಎಚ್ಚರಗೊಳ್ಳುತ್ತಾನೆ, ಹೆಸರು ಬಿಟ್ಟರೆ ಏನೂ ನೆನಪಿಲ್ಲ. ಮೇಲೆ ಬಂದರೆ ಬರೀ ಹುಡುಗರ ಒಂದು ಬಯಲು, ಸುತ್ತ ಚಕ್ರವ್ಯೂಹ, ರಾತ್ರಿಯಾದರೆ ಮುಚ್ಚಿಕೊಳ್ಳುವ ಗೋಡೆಗಳು. ನಾಯಕನಿಗೆ ಗೊತ್ತಿರುವುದಕ್ಕಿಂತ ಒಂದು ಮಾತೂ ಹೆಚ್ಚು ನಮಗೆ ಗೊತ್ತಿಲ್ಲ. ಇಲ್ಲೂ ನಿನ್ನನ್ನು ಕೂರಿಸಿರುವುದು ಅದೇ ಪ್ರಶ್ನೆ: ಇಲ್ಲಿಯ ನಿಯಮ ಏನು, ಇಟ್ಟವರು ಯಾರು?

'ಡೈವರ್ಜೆಂಟ್' ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ವೆರೋನಿಕಾ ರಾತ್ ಇದನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದಾಗ ಬರೆದರು, ಪ್ರಕಟವಾದದ್ದು 2011ರಲ್ಲಿ. ಶಿಕಾಗೋ ನಗರದ ಜನ ಐದು ಬಣಗಳಾಗಿ ಹಂಚಿಹೋಗಿದ್ದಾರೆ. ತ್ಯಾಗದವರು, ಸ್ನೇಹದವರು, ಸತ್ಯ ನುಡಿಯುವವರು, ಧೈರ್ಯದವರು, ಜ್ಞಾನದವರು. 16ಕ್ಕೆ ಒಂದು ಪರೀಕ್ಷೆ, ಮರುದಿನ ಎಲ್ಲರೆದುರು ಒಂದು ಬಣದ ಆಯ್ಕೆ. ಹುಟ್ಟಿದ ಬಣ ಬಿಟ್ಟರೆ ಅಪ್ಪ ಅಮ್ಮನನ್ನೂ ಬಿಟ್ಟಂತೆ. ಹತ್ತನೆಯ ತರಗತಿಯ ಅಂಕಪಟ್ಟಿ ಕೈಗೆ ಬಂದ ಕೂಡಲೇ ಸೈನ್ಸಾ, ಕಾಮರ್ಸಾ, ಆರ್ಟ್ಸಾ ಎಂದು ಮನೆಮಂದಿಯೆಲ್ಲ ಸುತ್ತುವರಿದು ಕೇಳಿದ್ದು ನಿನಗೆ ಇನ್ನೂ ಹಸಿಯಾಗಿಯೇ ನೆನಪಿರಬೇಕು. ಅದಕ್ಕೇ ಆ ಆಯ್ಕೆಯ ಅಧ್ಯಾಯ ನಿನ್ನನ್ನು ತಟ್ಟಿದೆ. ಆದರೆ ಒಂದು ಊರು ಯಾಕೆ ಹೀಗೆ ಐದು ಗುಣಗಳಾಗಿ ಒಡೆಯಿತು ಎಂದು ಗಟ್ಟಿಯಾಗಿ ಕೇಳಿದರೆ ಕಾದಂಬರಿ ತಡವರಿಸುತ್ತದೆ. ಮುಂದಿನ ಭಾಗಗಳು ಕೊಡುವ ವಿವರಣೆ ನನಗೆ ಒಪ್ಪಿಗೆಯಾಗಲಿಲ್ಲ. ಓಟ ಚೆನ್ನಾಗಿದೆ, ತಳಪಾಯ ಸಡಿಲ. ನಿನ್ನ ಉಪನ್ಯಾಸಕರ ಬಳಿ ಹೋಗಿ ಇದು ಸಾಹಿತ್ಯ ಎಂದು ವಾದಿಸಬೇಡ. ಮೂರರಲ್ಲಿ ಯಾವುದರ ನಿಯಮಗಳು ಕೊನೆಯ ತನಕ ನಿಲ್ಲುತ್ತವೆ, ಯಾವುದರದ್ದು ನಿಲ್ಲುವುದಿಲ್ಲ ಎಂದು ಬರೆದು ತೋರಿಸು. ಅವರೂ ಒಂದನ್ನಾದರೂ ಓದುತ್ತಾರೆ.

ನಮ್ಮ ಪುರಾಣ, ಜನಪದ ಎಲ್ಲ ಬಿಟ್ಟು ಎಲ್ಲಿಯದೋ ಕ್ರೌರ್ಯದ ಕಲ್ಪನೆಗೆ ನಮ್ಮ ಮಕ್ಕಳು ಮರುಳಾಗುತ್ತಿದ್ದಾರೆ. ಈ ಮಣ್ಣಿಗೂ ಅದಕ್ಕೂ ಏನು ಸಂಬಂಧ?
ನಿವೃತ್ತ ಮುಖ್ಯೋಪಾಧ್ಯಾಯರು, ಮೈಸೂರು

ತಮ್ಮ ಪತ್ರ ಓದಿದಾಗ ನನಗೆ ಏಕಚಕ್ರ ನಗರ ನೆನಪಾಯಿತು. ಊರಾಚೆ ಬಕಾಸುರ. ಬೇರೆ ಶತ್ರುಗಳಿಂದ ಊರನ್ನು ಕಾಯುತ್ತೇನೆ ಎನ್ನುತ್ತಾನೆ. ಬದಲಿಗೆ ಸರದಿಯಂತೆ ಮನೆಗೊಬ್ಬರು ಹೋಗಬೇಕು: ಒಂದು ಗಾಡಿ ಅನ್ನ, ಎರಡು ಕೋಣ, ಜತೆಗೆ ತೆಗೆದುಕೊಂಡು ಹೋದ ಮನುಷ್ಯ. ರಾಜ ಕೈಲಾಗದವನು. ಊರು ಆ ನಿಯಮಕ್ಕೆ ಹೊಂದಿಕೊಂಡು ಬದುಕುತ್ತಿದೆ. ಇದಕ್ಕಿಂತ ಹೆಚ್ಚಿನ ಕರಾಳ ಲೋಕ ಯಾವುದು ಸರ್? ಕಾಲಿನ್ಸ್ ತಮ್ಮ ಕಥೆಗೆ ಮೂಲ ಎಂದು ಹೇಳಿರುವುದು ಗ್ರೀಕರ ಥೀಸಿಯಸ್ ಕಥೆಯನ್ನು. ಅಲ್ಲಿ ಅಥೆನ್ಸ್ ನಗರ ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಕ್ರೀಟ್ ದ್ವೀಪದ ಗೂಳಿಮೊಗದ ರಾಕ್ಷಸನಿಗೆ ಕಳಿಸಬೇಕಿತ್ತು. ಆಕೆ ಅಲ್ಲಿಂದ ತಂದದ್ದು ನಮ್ಮಲ್ಲಿ ಬಕನ ಕಥೆಯಾಗಿ ಮೊದಲೇ ಇತ್ತು.

ವ್ಯಾಸಭಾರತದ ಆ ಪ್ರಸಂಗದಲ್ಲಿ ನನಗೆ ತುಂಬ ಪ್ರಿಯವಾದ ಒಂದು ಗಳಿಗೆ ಇದೆ. ಸರದಿ ಬಂದ ಬ್ರಾಹ್ಮಣನ ಮನೆಯಲ್ಲಿ ಅಪ್ಪ ನಾನು ಹೋಗುತ್ತೇನೆ ಎನ್ನುತ್ತಾನೆ, ಅಮ್ಮ ನಾನು ಎನ್ನುತ್ತಾಳೆ, ಮಗಳು ನಾನು ಎನ್ನುತ್ತಾಳೆ. ಎಲ್ಲರೂ ಅಳುತ್ತಿರುವಾಗ ಇನ್ನೂ ಮಾತು ತೊದಲುವ ಗಂಡುಮಗು ಒಂದು ಹುಲ್ಲುಕಡ್ಡಿ ಎತ್ತಿಕೊಂಡು ಇದರಿಂದ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತದೆ. ಅಷ್ಟು ದುಃಖದಲ್ಲೂ ಮನೆಯವರಿಗೆ ಸಂತೋಷವಾಗುತ್ತದೆ. ಆಮೇಲೆ ಕುಂತಿ ಬರುತ್ತಾಳೆ, ಭೀಮ ಹೋಗುತ್ತಾನೆ, ಕಥೆ ಭೀಮನದ್ದಾಗುತ್ತದೆ. ನಾವು ಮಾತಾಡುತ್ತಿರುವ ಕಾದಂಬರಿಗಳು ಆ ಹುಲ್ಲುಕಡ್ಡಿಯ ಮಗುವಿನ ಕಡೆಯಿಂದ ಬರೆದವು. ಭೀಮ ಬರುವುದಿಲ್ಲ. ಮಗು ಬೆಳೆದು 16 ಆಗಿದೆ, ತಂಗಿಯ ಹೊಟ್ಟೆ ತುಂಬಿಸಲು ಬೇಟೆಯಾಡಿ ಕಲಿತ ಬಿಲ್ಲೊಂದು ಕೈಯಲ್ಲಿದೆ, ಅಷ್ಟೇ.

'ಕೆರೆಗೆ ಹಾರ'ದ ಮಾತೂ ಬರಲೇಬೇಕು. ಕಲ್ಲನಕೇರಿಯ ಮಲ್ಲನಗೌಡ ಕೆರೆ ತೋಡಿಸುತ್ತಾನೆ, ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿದರೆ ಸೊಸೆಯನ್ನು ಬಲಿ ಕೊಡಬೇಕು ಎಂದು ಬರುತ್ತದೆ. ಕಿರಿಸೊಸೆ ಭಾಗೀರಥಿಯ ಪಾಲಿಗೆ ಅದು ಬೀಳುತ್ತದೆ. ಆ ಹಾಡನ್ನು ನಾನು ಗ್ರಂಥಾಲಯದಲ್ಲಿ ಓದಿಸಿದಾಗಲೆಲ್ಲ ಮಕ್ಕಳು ಸುಮ್ಮನೆ ಕೇಳಿ ಮರುಗುತ್ತಿದ್ದರು. 'ದಿ ಹಂಗರ್ ಗೇಮ್ಸ್' ಓದಿದ ಗುಂಪು ಮಾತ್ರ ಜಗಳಕ್ಕೇ ನಿಂತಿತು. ಬಲಿ ಸೊಸೆಯೇ ಆಗಬೇಕು ಅಂದದ್ದು ಯಾರು, ಗೌಡ ತಾನೇ ಯಾಕೆ ಹೋಗಲಿಲ್ಲ, ಹಿರಿಸೊಸೆಯರಿಗೆ ಗೊತ್ತಿತ್ತಲ್ಲ, ಒಬ್ಬರಾದರೂ ಯಾಕೆ ಬಾಯಿ ಬಿಡಲಿಲ್ಲ? ನಮ್ಮ ಜನಪದವನ್ನು ಅಷ್ಟು ಬಿಸಿಯಾಗಿ ಓದಿದವರನ್ನು ನಾನು ಬೇರೆ ಕಂಡಿಲ್ಲ. ದಯವಿಟ್ಟು ಮೊಮ್ಮಕ್ಕಳಿಗೆ ಎರಡನ್ನೂ ಕೊಡಿ.

ಇಲ್ಲಿ ಶಾಲೆಯಲ್ಲಿ ಮಗನಿಗೆ 'ದಿ ಗಿವರ್' ಪಠ್ಯ. ಅವನೊಂದಿಗೆ ನಾನೂ ಓದಿದೆ. ಅಪ್ಪನೇ ಕೂಸಿಗೆ ಸೂಜಿ ಚುಚ್ಚಿ ಕೊಲ್ಲುವ ಭಾಗದಿಂದ ನಾನಿನ್ನೂ ಹೊರಬಂದಿಲ್ಲ. ಹನ್ನೆರಡರ ಮಗುವಿಗೆ ಇದು ಬೇಕಿತ್ತೇ?
ಕನ್ನಡಿಗ ತಂದೆ, ಕ್ಯಾಲಿಫೋರ್ನಿಯಾ

ಬೇಕಿತ್ತು ಎಂದೇ ನಾನು ಹೇಳುತ್ತೇನೆ. ಲೋಯಿಸ್ ಲೌರಿಯವರ ಈ ಕಾದಂಬರಿ 1993ರದ್ದು, ಮರುವರ್ಷ ನ್ಯೂಬೆರಿ ಪದಕ ಪಡೆಯಿತು. ಈ ಇಡೀ ಬಗೆಯಲ್ಲಿ ನಾನು ಅತಿ ಎತ್ತರದಲ್ಲಿ ಇಡುವ ಪುಸ್ತಕ. ಹಸಿವಿಲ್ಲ, ಯುದ್ಧವಿಲ್ಲ, ನೋವಿಲ್ಲದ ಊರು. ಬಣ್ಣವೂ ಇಲ್ಲ ಎಂಬುದು ನಮಗೆ ತಿಳಿಯುವುದು ಜೋನಸ್ ಎಸೆದಾಡುತ್ತಿದ್ದ ಸೇಬು ಒಂದು ಕ್ಷಣ ಬೇರೆ ಥರ ಕಂಡಾಗ. 12ಕ್ಕೆ ಹಿರಿಯರು ಪ್ರತಿ ಮಗುವಿಗೂ ಉದ್ಯೋಗ ಗೊತ್ತುಮಾಡುತ್ತಾರೆ. ಊರಿನ ಹಳೆಯ ನೆನಪೆಲ್ಲ ಒಬ್ಬ ಮುದುಕನ ಬಳಿ ಇದೆ, ಅದನ್ನು ಹೊರಲು ಜೋನಸ್‌ನನ್ನು ಆರಿಸುತ್ತಾರೆ.

ನಿಮ್ಮನ್ನು ಕಲಕಿದ ಆ ಅಪ್ಪ ಕೆಟ್ಟವನಲ್ಲ. ಕೂಸುಗಳನ್ನು ಮುದ್ದಿನಿಂದ ನೋಡಿಕೊಳ್ಳುವವನು, ಮಗನನ್ನು ಪ್ರೀತಿಸುವವನು. ಅವಳಿ ಹುಟ್ಟಿದರೆ ತೂಕ ಕಡಿಮೆ ಇದ್ದದ್ದನ್ನು 'ಬಿಡುಗಡೆ' ಮಾಡಬೇಕು ಎಂಬುದು ಊರ ನಿಯಮ, ಅದನ್ನು ಅವನು ನಗುಮುಖದಿಂದ ಪಾಲಿಸುತ್ತಾನೆ. ನಿಯಮ ಮಾಡಿದವರು ಯಾರು ಎಂದು ಕೇಳದೆ ಒಳ್ಳೆಯವನೊಬ್ಬ ಎಲ್ಲಿಗೆ ಮುಟ್ಟುತ್ತಾನೆ ಎಂಬುದನ್ನು ಲೌರಿ ಅಪ್ಪನ ಮೂಲಕವೇ ತೋರಿಸಿದ್ದಾರೆ. ಪಕ್ಕದಲ್ಲಿ ಕೂತು ಓದಿದ ಅಪ್ಪ ನೀವು. ನಿಮಗೆ ಅದು ಎಷ್ಟು ನೋವು ಕೊಟ್ಟಿತು ಎಂದು ಮಗನಿಗೆ ಮುಚ್ಚಿಡದೆ ಹೇಳಿ, ಕನ್ನಡದಲ್ಲೇ ಹೇಳಿ.

ಸಿನಿಮಾ ನೋಡಿದರೆ ಸಾಲದೇ?
ಹುಬ್ಬಳ್ಳಿಯಿಂದ ಒಂದು ಪೋಸ್ಟ್‌ಕಾರ್ಡ್

'ದಿ ಹಂಗರ್ ಗೇಮ್ಸ್' ಮಟ್ಟಿಗೆ, ಸಾಲದು. 2012ರ ಸಿನಿಮಾದಲ್ಲಿ ಜೆನಿಫರ್ ಲಾರೆನ್ಸ್ ಅಭಿನಯ ಬಹಳ ಚೆನ್ನಾಗಿದೆ. ಆದರೆ ಕ್ಯಾಮೆರಾ ಕ್ಯಾಟ್ನಿಸ್‌ಳ ತಲೆಯಿಂದ ಹೊರಗೆ ಬಂದು ಆಟ ನಡೆಸುವವರ ನಿಯಂತ್ರಣ ಕೋಣೆಗೂ ಹೋಗುತ್ತದೆ. ನಾವೂ ಮೇಲಿನಿಂದ ಆಟ ನೋಡುವವರಾಗುತ್ತೇವೆ. ಪುಸ್ತಕ ಆ ಕುರ್ಚಿಯನ್ನು ಓದುಗರಿಗೆ ಕೊಡುವುದೇ ಇಲ್ಲ.

ಇವೆಲ್ಲ ಪುಸ್ತಕದೊಳಗಿನ ಬಂಡಾಯ. ಹೊರಗಿನ ಬದುಕಿನಲ್ಲಿ ಇದರಿಂದ ಏನಾದರೂ ಆಗಿದೆಯೇ?
ಶಿಕ್ಷಕಿ, ಕಲಬುರಗಿ

ಆಗಿದೆ, ಅದೂ ನಮ್ಮ ನೆರೆಯಲ್ಲೇ. ಕಾದಂಬರಿಯಲ್ಲಿ 12ನೇ ಜಿಲ್ಲೆಯ ಜನರಿಗೆ ಒಂದು ಹಳೆಯ ಸನ್ನೆ ಇದೆ. ಎಡಗೈಯ ನಡುವಿನ ಮೂರು ಬೆರಳು ತುಟಿಗೊತ್ತಿ ಮುಂದಕ್ಕೆ ಚಾಚುವುದು. ಕೃತಜ್ಞತೆ, ಗೌರವ, ಪ್ರೀತಿಪಾತ್ರರಿಗೆ ವಿದಾಯ, ಎಲ್ಲವೂ ಅದರಲ್ಲಿದೆ. ತಂಗಿಯ ಬದಲು ಕ್ಯಾಟ್ನಿಸ್ ಮುಂದೆ ಬಂದಾಗ ನೆರೆದ ಜನ ಚಪ್ಪಾಳೆ ತಟ್ಟದೆ ಅದನ್ನು ಮಾಡುತ್ತಾರೆ. 2014ರ ಮೇ ತಿಂಗಳಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ ಅಲ್ಲಿಯ ಜನ ಬೀದಿಯಲ್ಲಿ ಮೂರು ಬೆರಳು ಎತ್ತಿದರು. ಅದೇ ನವೆಂಬರಿನಲ್ಲಿ ಖೋನ್ ಕೇನ್ ಎಂಬಲ್ಲಿ ಪ್ರಧಾನಿಯ ಎದುರೇ ಈ ಸನ್ನೆ ಮಾಡಿದ ಐವರು ವಿದ್ಯಾರ್ಥಿಗಳನ್ನು ಹಿಡಿದೊಯ್ದರು. 2021ರ ಫೆಬ್ರುವರಿಯಲ್ಲಿ ಮ್ಯಾನ್ಮಾರ್‌ನಲ್ಲೂ ಸೇನಾದಂಗೆಯಾದಾಗ ಆಸ್ಪತ್ರೆ ಸಿಬ್ಬಂದಿಯಿಂದ ಹಿಡಿದು ಬೀದಿಯ ಯುವಕರ ತನಕ ಅದೇ ಸನ್ನೆ. ಆ ತಿಂಗಳ ಕೊನೆಯಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಆ ದೇಶದ ರಾಯಭಾರಿ ಕ್ಯಾವ್ ಮೋ ತುನ್ ಸೇನೆಯ ವಿರುದ್ಧ ಮಾತಾಡಿ ಮೂರು ಬೆರಳು ಎತ್ತಿ ನಿಂತರು.

ಇದನ್ನು ತರಗತಿಯಲ್ಲಿ ಹೇಳುವಾಗ ಆ ಹುಡುಗರು ತೆತ್ತ ಬೆಲೆಯನ್ನೂ ಹೇಳಿ. ಮ್ಯಾನ್ಮಾರ್‌ನ ಬೀದಿಗಳಲ್ಲಿ ಜೀವಗಳೇ ಹೋದವು. ಪುಸ್ತಕ ದಂಗೆ ಎಬ್ಬಿಸಿತು ಎಂದು ನಾನು ಹೇಳುತ್ತಿಲ್ಲ. ಸಿಟ್ಟು ಅವರದೇ ಆಗಿತ್ತು. ಘೋಷಣೆ ಕೂಗಿದರೆ ಹಿಡಿಯುವ ಜಾಗದಲ್ಲಿ, ದೂರದಿಂದಲೇ ಒಬ್ಬರನ್ನೊಬ್ಬರು ಗುರುತಿಸಿಕೊಳ್ಳಲು ಒಂದು ಮೌನದ ಸನ್ನೆಯನ್ನು ಕಥೆ ಅವರಿಗೆ ಕೊಟ್ಟಿತು.

ಕನ್ನಡದಲ್ಲಿ ಹದಿಹರೆಯದವರಿಗೆ ಇಂಥ ಕಾದಂಬರಿ ಬರೆಯಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?
ಯುವ ಬರಹಗಾರ್ತಿ, ಉಡುಪಿ

ನೀವು ಬರೆಯುತ್ತೀರಿ ಎಂದು ಓದಿ ಮನಸ್ಸು ತುಂಬಿತು. ಕನ್ನಡದಲ್ಲಿ ಸಣ್ಣ ಮಕ್ಕಳಿಗೆ ಕಥೆಗಳಿವೆ, ದೊಡ್ಡವರಿಗೆ ಕಾದಂಬರಿಗಳಿವೆ, ಹದಿಮೂರರಿಂದ ಹದಿನೆಂಟರ ನಡುವಿನವರ ಕೈಗೆ ಕೊಡಲು ನಾನು ಕಪಾಟಿನ ಮುಂದೆ ನಿಂತು ಹುಡುಕುತ್ತಲೇ ಇರುತ್ತೇನೆ.

ಕುಸಿದ ಕಟ್ಟಡ, ಬೂದಿ ಸುರಿಯುವ ಆಕಾಶದಿಂದ ಶುರು ಮಾಡಬೇಡಿ. ಒಂದು ನಿಯಮದಿಂದ ಶುರು ಮಾಡಿ. ನಿಮ್ಮ ಕಡಲ ತೀರದಲ್ಲೇ ನಡೆಯಲಿ, ಮೀನು ಇಳಿಸುವ ಧಕ್ಕೆ, ಮಳೆಗಾಲದ ಕೊಡೆ, ಬಸ್ಸಿನ ಗದ್ದಲ ಎಲ್ಲ ಇರಲಿ. ಕುಡಿಯುವ ನೀರಿನ ಕೊಡ ಇಂತಿಷ್ಟಕ್ಕೆ ಮನೆಯ ಒಬ್ಬ ಮಗು ಇಂತಿಷ್ಟು ದಿನ ಯಾರದೋ ಸೇವೆಗೆ ಹೋಗಬೇಕು ಎಂಬಂಥದ್ದು. ಅಂಕಿ ಸಮೇತ ಹಾಳೆಯ ಮೇಲೆ ಬರೆಯಿರಿ. ಯಾರಿಗೆ ವಿನಾಯಿತಿ? ಎಣಿಸುವವರು ಯಾರು? ತಪ್ಪಿದರೆ ಏನು? ಆ ನಿಯಮದಿಂದ ಊರಿಗೆ ಒಂದು ನಿಜವಾದ ಲಾಭವೂ ಇರಬೇಕು, ಬಕ ಊರನ್ನು ಕಾಯುತ್ತಿದ್ದ ಹಾಗೆ. ಇಲ್ಲದಿದ್ದರೆ ಅಷ್ಟು ಜನ ಅದಕ್ಕೆ ತಲೆಬಾಗಿದ್ದು ಯಾಕೆ ಎಂದು ಓದುಗರು ನಂಬುವುದಿಲ್ಲ. ಆಮೇಲೆ ಆ ಲೆಕ್ಕದಲ್ಲಿ ಅತಿ ಕಡಿಮೆ ಚೀಟಿ ಇದ್ದ ಮಗುವಿನ ಹೆಸರು ಬರಲಿ.

ನಾಯಕಿಗೆ ಭಾಷಣ ಬೇಡ, ಒಂದು ಕೈಕೆಲಸ ಗೊತ್ತಿರಲಿ. ಬಲೆ ಹೆಣೆಯುವುದೋ, ದೋಣಿಯ ಎಂಜಿನ್ ಬಿಚ್ಚಿ ಜೋಡಿಸುವುದೋ. ನಿಮ್ಮೂರಿನ ಮಾತನ್ನೇ ಆಡಲಿ. ಮೊದಲ ಎರಡು ಅಧ್ಯಾಯ ಆದ ಮೇಲೆ ದೊಡ್ಡವರಿಗೆ ತೋರಿಸುವ ಮೊದಲು ಹದಿನಾಲ್ಕರ ಒಬ್ಬ ಹುಡುಗಿಗೋ ಹುಡುಗನಿಗೋ ಓದಲು ಕೊಡಿ. ಅವರು ಓದುವಾಗ ಎಲ್ಲಿ ಪುಸ್ತಕ ಮಡಚಿ ಎದ್ದುಹೋದರು ಎಂದು ಗುರುತು ಹಾಕಿಕೊಂಡು, ಅದಕ್ಕಿಂತ ಒಂದು ಪುಟ ಹಿಂದಿನಿಂದ ತಿದ್ದಲು ಕೂರಿ.